ಅಬ್ಬಾನ ಉದ್ರಿ ಪುಸ್ತಕ

ನಮ್ಮ ಅಬ್ಬಾ ಅವರದು ಚಿಕ್ಕ ಕಿರಾಣಿ ಅಂಗಡಿ. ಉದ್ರಿ ಲೆಕ್ಕವನ್ನು ಉರ್ದುವಿನಲ್ಲಿ ಬರೆದಿಡುತ್ತಾರೆ. ನಾನು ಕಾಮರ್ಸ್ ಸೇರಿದ ಮೇಲೆ ಅದನ್ನು ಮೊಬೈಲಿಗೆ ಹಾಕುವ ಕೆಲಸ ನನ್ನದಾಯಿತು.

ರಂಜಾನ್ ಮುಂಚೆ ಸರಕು ತರಲು ಹಣ ಬೇಕಿತ್ತು. ಬಾಕಿದಾರರಿಗೆ ಕನ್ನಡದಲ್ಲಿ ಮೆಸೇಜ್ ಬರೆದುಕೊಡಲು ಎಐಗೆ ಹೇಳಿದೆ. ಬಂದದ್ದನ್ನು ಸರಿಯಾಗಿ ಓದದೆ ಎಲ್ಲರಿಗೂ ಕಳಿಸಿಬಿಟ್ಟೆ.

ಮರುದಿನ ಹಿಂದಿನ ಬೀದಿಯ ಅಜ್ಜಿ ಬಂದು 640 ರೂಪಾಯಿ ಎಣಿಸಿ ಇಟ್ಟರು. "ಏಳು ದಿನದಲ್ಲಿ ಕೊಡದಿದ್ದರೆ ಕಾನೂನು ಕ್ರಮ ಅಂತೆ, ಮೊಮ್ಮಗ ಓದಿ ಹೇಳಿದ" ಎಂದರು. ಸಾಮಾನು ಕೇಳದೆ ಹೋದರು.

ಅಬ್ಬಾ ಬೈಯಲಿಲ್ಲ. "ಬೇಟಾ, ನಾನು ಕಾಯಿಲೆ ಬಿದ್ದು ಅಂಗಡಿ ಮುಚ್ಚಿದ್ದಾಗ ಕೇಳದೇ ಬಾಕಿ ತಂದುಕೊಟ್ಟವರು ಅವರು. ಅದು ನಿನ್ನ ಮೊಬೈಲಿಗೆ ಗೊತ್ತಾ?" ಎಂದರು.

ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಅವರು ಆಸ್ತಿಯ ಕಡೆ ಬರುವ 'ಋಣಿಗಳು'. ಅಂಗಡಿಯಲ್ಲಿ ಅವರು ಅಜ್ಜಿ. ಸಂಜೆ ಅವರ ಮನೆಗೆ ಹೋಗಿ ಮಾಫಿ ಕೇಳಿದೆ.

ಎಐ ಬಳಸುವುದನ್ನು ನಾನು ಬಿಟ್ಟಿಲ್ಲ. ಸ್ಟಾಕ್ ಪಟ್ಟಿ ಮಾಡಿಸುತ್ತೇನೆ, ಮೊತ್ತವನ್ನು ಮಾತ್ರ ಕ್ಯಾಲ್ಕುಲೇಟರ್‌ನಲ್ಲಿ ಮತ್ತೆ ನೋಡುತ್ತೇನೆ. ಗಿರಾಕಿಗಳ ಹೆಸರು, ನಂಬರು ಅದಕ್ಕೆ ಕೊಡುವುದಿಲ್ಲ. ಮೆಸೇಜ್ ಬರೆಸಿದರೆ ಮೊದಲು ಅಬ್ಬಾಗೆ ಓದಿ ಹೇಳುತ್ತೇನೆ. ಅವರು ಹೂಂ ಎಂದ ಮೇಲೆಯೇ ಕಳಿಸುವುದು.

ಅಜ್ಜಿ ಈಗ ಮತ್ತೆ ಬರುತ್ತಾರೆ. ಆದರೆ ಉದ್ರಿ ಕೇಳುವುದಿಲ್ಲ.