ಟಿಕೀಟಿಲ್ಲದ ಕುರುಕ್ಷೇತ್ರ

ಶಿರಾ ತಾಲ್ಲೂಕಿನ ನಮ್ಮ ಹುಲಿಕುಂಟೆ ಸೀಮೆಯಲ್ಲಿ ಈ ವಾರ ಎಲ್ಲೆಲ್ಲಿ ಏನೇನು ನಡೆಯುತ್ತೆ ಅಂತ ತಿಳಿಯೋಕೆ ಆಗ ಪೇಪರು ಬೇಕಿರಲಿಲ್ಲ, ತಮಟೆ ಸಾಕಿತ್ತು. ನಾನು ಹೇಳ್ತಿರೋದು ಎಂಬತ್ತರ ದಶಕದ ಶುರುವಿನ ಮಾತು. ಯುಗಾದಿ ಕಳೆದಿತ್ತು. ಕಡಲೆಕಾಯಿ ಮಾರಿ ಸಾಲ ತೀರಿಸಿದವರು ತೀರಿಸಿದ್ದರು, ಉಳಿದವರು ಮುಂದಿನ ಮಳೆಯ ಮೇಲೆ ಹಾಕಿ ಸುಮ್ಮನಾಗಿದ್ದರು. ಗಂಡಸರು ಹುಣಸೇಮರ ಬಡಿಯೋದು, ಹೆಂಗಸರು ಬೆಳದಿಂಗಳಲ್ಲಿ ಜಗಲಿ ಮೇಲೆ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸೋದು, ಅದೇ ಆ ತಿಂಗಳ ಕೆಲಸ. ಒಂದು ಮುಸ್ಸಂಜೆ ತಮಟೆಯ ಅಜ್ಜ ಬೀದಿ ಮೂಲೆಗೆ ಬಂದು ನಿಂತ. ನಾಲ್ಕು ಪೆಟ್ಟು ಹಾಕಿ ಕೂಗಿದ.

"ಕೇಳ್ರಪ್ಪೋ ಕೇಳ್ರಿ! ನಾಳೀಕೆ ರಾಮ್ನೋಮಿ, ಭಜನೆ ಮನೆತಾವ ಪಾನಕ ಕೋಸಂಬ್ರಿ. ಮಂಗಳವಾರ ಅಮ್ಮನ ಆರ್ತಿ, ಮನೆಗೊಂದು ತಪ್ಪಂಗಿಲ್ಲ. ಹಬ್ಬ ಸಾರಿದ್ ಮ್ಯಾಲೆ ಒಗ್ಗರಣೆ ಆಕಂಗಿಲ್ಲ. ಹುಣ್ಣಿಮೆ ರಾತ್ರಿಗೆ ಕುರುಕ್ಷೇತ್ರ ನಾಟ್ಕ. ಬೆಳಗಾನ ನಾಟ್ಕ ಕಣ್ರಪ್ಪೋ!"

ರಾಮನವಮಿಯಿಂದ ದವನದ ಹುಣ್ಣಿಮೆವರೆಗಿನ ಇಡೀ ವಾರದ ಪಟ್ಟಿ ಅಷ್ಟರಲ್ಲೇ ಮುಗಿದುಹೋಯಿತು. ನಮ್ಮ ಕಡೆ ವರ್ಷವೆಲ್ಲ ಇಂಥ ಪಟ್ಟಿಗಳೇ. ಮಧುಗಿರಿಗೆ ದಂಡಿನ ಮಾರಮ್ಮನ ಜಾತ್ರೆ, ಸೀಬಿಯಲ್ಲಿ ನರಸಿಂಹಸ್ವಾಮಿ ತೇರು, ಶ್ರಾವಣದ ಶನಿವಾರ ಬಂದರೆ ಪಾವಗಡದ ಶನಿಮಹಾತ್ಮ, ಕೊರಟಗೆರೆ ಕಡೆಗೆ ಹೋದರೆ ಗೊರವನಹಳ್ಳಿ ಮಹಾಲಕ್ಷ್ಮಿ. ಜೇಬಲ್ಲಿ ಎಂಟಾಣೆ ಇದ್ದ ಹುಡುಗನಿಗೂ ಹಾಡು, ಆಟ, ಊಟ ಮೂರೂ ಸಿಗುತ್ತಿದ್ದವು. ದುಡ್ಡು ಕೊಟ್ಟು ನೋಡಬೇಕಾಗಿದ್ದು ಟೂರಿಂಗ್ ಟಾಕೀಸ್ ಒಂದೇ. ಅಲ್ಲಿ ನೆಲಕ್ಕೊಂದು ರೇಟು, ಬೆಂಚಿಗೊಂದು ರೇಟು, ಕುರ್ಚಿಗೊಂದು ರೇಟು. ನಾವೆಲ್ಲ ನೆಲದವರು.

ರಾಮನವಮಿ ದಿನ ಭಜನೆ ಮನೆ ಮುಂದೆ ಹಿತ್ತಾಳೆ ಕೊಳಗದಲ್ಲಿ ಪಾನಕ. ಬೆಲ್ಲ, ನಿಂಬೆಹಣ್ಣು, ಜಜ್ಜಿದ ಶುಂಠಿ, ಏಲಕ್ಕಿ. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ, ಕಾಯಿತುರಿ ಬೆರೆಸಿದ ಕೋಸಂಬರಿ. ನಮ್ಮದು ನೀರಿಲ್ಲದ ಸೀಮೆ, ಆ ಬಿಸಿಲಲ್ಲಿ ಸೌತೆಕಾಯಿ ಅಂದರೆ ಬಂಗಾರ. ಯಾರದೋ ಬಾವಿ ಕೆಳಗಿನ ತೋಟದಿಂದ ಒಂದು ಮಂಕರಿ ಬಂದಿತ್ತು, ಬೆಲ್ಲ ಇನ್ನೊಬ್ಬರ ಮನೆಯದು. ಹುಡುಗರು ಒಂದು ಲೋಟ ಕುಡಿದು, ತುಟಿ ಒರೆಸಿಕೊಂಡು, ಸಾಲಿನ ಕೊನೆಗೆ ಹೋಗಿ ಮತ್ತೆ ನಿಲ್ಲುತ್ತಿದ್ದರು. ಬಡಿಸುವವರಿಗೆ ಗೊತ್ತಿತ್ತು. ಅವತ್ತು ಯಾರೂ ಬೈಯುತ್ತಿರಲಿಲ್ಲ.

ತಮಟೆಯ ಅಜ್ಜ ಆ ಸಾಲಿನಲ್ಲಿ ಇರಲಿಲ್ಲ. ಬೇವಿನ ಮರದ ಆಚೆ ಅವರ ಕೇರಿಯವರೆಲ್ಲ ಒಟ್ಟಿಗೆ ನಿಂತಿದ್ದರು. ಅವರ ಚೊಂಬಿಗೆ ಮೇಲಿನಿಂದ, ತಾಗದ ಹಾಗೆ ಪಾನಕ ಹೊಯ್ದರು. ಊರಿಗೆಲ್ಲ ಬನ್ನಿ ಅಂತ ಸಾರಿದ್ದೂ ಆತನೇ.

ಮಾರನೇ ರಾತ್ರಿ ಪಕ್ಕದ ಗೊಲ್ಲರ ಹಟ್ಟಿಗೆ ಹೋದೆವು. ಅದು ತಮಟೆಯ ಪಟ್ಟಿಯಲ್ಲಿ ಇರಲಿಲ್ಲ. ದೊಡ್ಡಪ್ಪನಿಗೆ ಅಲ್ಲಿ ಗೆಳೆಯರು. ಕಾಡುಗೊಲ್ಲರ ಹಟ್ಟಿ ಅಂದರೆ ಸುತ್ತಲೂ ಮುಳ್ಳಿನ ಬೇಲಿ, ಒಳಗೆ ದೇವರ ಗುಡಿ. ಮೆಟ್ಟು ಹೊರಗೇ ಬಿಡಬೇಕು. ಶಿರಾ ಸೀಮೆಯ ಗೊಲ್ಲರಿಗೆ ಜುಂಜಪ್ಪ ಅಂದರೆ ದನ ಕಾದ ವೀರ, ದೇವರು, ನೆಂಟ ಎಲ್ಲವೂ. ಅವನ ಹೆಸರಿನ ಜುಂಜಪ್ಪನ ಗುಡ್ಡೆ ಇರೋದೂ ನಮ್ಮ ತಾಲ್ಲೂಕಿನಲ್ಲೇ. ಅವನ ಕಥೆಯನ್ನ ಗಣೆ ಊದಿಕೊಂಡು ಹೇಳುತ್ತಾರೆ. ಗಣೆ ಉದ್ದನೆಯ ಬಿದಿರಿನ ವಾದ್ಯ, ಕೊಳಲಿನ ಜಾತಿ, ಆದರೆ ದನಿ ಭಾರ. ಅವತ್ತು ಒಬ್ಬರು ಒಂದು ಸಾಲು ಹೇಳೋರು, ಗಣೆ ಹಿಡಿದವರು ಅದೇ ಸಾಲನ್ನ ಉಸಿರಲ್ಲಿ ಎಳೆದು ನುಡಿಸೋರು. ನಡುನಡುವೆ ಕೂತವರು "ಹೂಂ" ಅನ್ನಬೇಕು. ಹೂಂಗುಟ್ಟೋರು ತೂಕಡಿಸಿದರೆ ಕಥೆ ನಿಲ್ಲುತ್ತಿತ್ತು. ಗಣೆಯವರು ನಮ್ಮ ಕಡೆ ತಿರುಗಿ, "ಏನ್ ಮಕ್ಳಾ, ದನ ಎಲ್ಲಿಗಂಟ ಬಂದ್ವು?" ಅಂತ ಕೇಳಿಯೇ ಮುಂದುವರಿಸಿದ್ದು. ತೀ.ನಂ. ಶಂಕರನಾರಾಯಣ ಅವರಂಥ ವಿದ್ವಾಂಸರು ಕಾಡುಗೊಲ್ಲರ ಬದುಕು, ನಂಬಿಕೆಗಳನ್ನ ಕೂಡಿಹಾಕಿ ಬರೆದಿದ್ದಾರೆ ಅಂತ ನನಗೆ ತಿಳಿದಿದ್ದು ಎಷ್ಟೋ ವರ್ಷದ ಮೇಲೆ. ಆ ರಾತ್ರಿ ಗೊತ್ತಿದ್ದದ್ದು ಕಂಚಿನ ಲೋಟದ ತುಂಬ ಕೊಟ್ಟ ಮಜ್ಜಿಗೆ ಮಾತ್ರ.

ಮಂಗಳವಾರದ ಆರತಿ ಹೆಂಗಸರದು. ಅಕ್ಕಿಹಿಟ್ಟು, ಬೆಲ್ಲ ಕಲಸಿ ಮಾಡಿದ ತಂಬಿಟ್ಟಿನ ಉಂಡೆಗೆ ಮೇಲೊಂದು ಗುಳಿ ಮಾಡಿ, ತುಪ್ಪದ ಬತ್ತಿ ಹಚ್ಚಿ, ಸುತ್ತ ಹೂವು ಸಿಕ್ಕಿಸಿ ತಲೆಮೇಲೆ ಹೊತ್ತು ನಡೆದರು. ಮುಂದೆ ತಮಟೆ, ಹಿಂದೆ ಅರೆವಾದ್ಯ. ಬುಧವಾರ ಮರಿ ಹೊಡೆದು ಬಾಡೂಟ. ಹಿಟ್ಟು, ಸಾರು, ಅನ್ನ, ಗುರುತಿದ್ದವರು ಯಾರು ಬಂದರೂ ಎಲೆ. ಮಡಕಶಿರಾ ಕಡೆಯಿಂದ, ಪಾವಗಡದಿಂದ ನೆಂಟರು ಬಂದಿಳಿದರು. ಪಾವಗಡಕ್ಕೆ ಮೂರು ಕಡೆಯೂ ಆಂಧ್ರದ ನೆಲ, ಹಾಗಾಗಿ ನಮ್ಮ ಪಡಸಾಲೆಯಲ್ಲಿ ಆ ವಾರ ಅರ್ಧ ಮಾತು ತೆಲುಗು.

ಇನ್ನು ಕುರುಕ್ಷೇತ್ರ.

ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಈ ನಾಟಕದ ಹುಚ್ಚು ಎಲ್ಲಿಂದ ಬಂತು ಅಂದರೆ ಗುಬ್ಬಿ ಕಡೆ ಕೈ ತೋರಿಸಬೇಕು. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಸಂಘ, ಮುಂದೆ ವೀರಣ್ಣನವರ ಕೈಯಲ್ಲಿ ಇಡೀ ನಾಡಿಗೆ ಗುಬ್ಬಿ ಕಂಪನಿ ಆಯಿತು. 1930ರ ದಶಕದಲ್ಲಿ ಅವರು ಕುರುಕ್ಷೇತ್ರಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಅದಕ್ಕೂ ಮೊದಲಿಂದ ಈ ಬಯಲುಸೀಮೆಗೆ ಮೂಡಲಪಾಯ ಯಕ್ಷಗಾನ ಇತ್ತು. ಭಾಗವತ, ಮದ್ದಳೆ, ಮುಖವೀಣೆ, ನಗಿಸೋಕೆ ಹನುಮನಾಯಕ. ಜೀ.ಶಂ. ಪರಮಶಿವಯ್ಯನವರು ಅದನ್ನ ಹುಡುಕಿ, ಬರೆದು, ನಾಡಿಗೆ ತೋರಿಸಿದರು. ನಮ್ಮೂರಲ್ಲಿ ಅಟ್ಟ ಕಟ್ಟಿ ಆಡುತ್ತಿದ್ದ ಯಕ್ಷಗಾನ ತಾತನ ಕಾಲಕ್ಕೇ ತೆಳುವಾಗಿ, ಆ ಜಾಗಕ್ಕೆ ಹಾರ್ಮೋನಿಯಂ ಬಂದು ಕೂತಿತ್ತು. ಆದರೆ ಬೆಳಗಾನ ಆಡಬೇಕು ಅನ್ನೋ ಹಳೇ ಚಟ ಹೋಗಿರಲಿಲ್ಲ.

ಮೂರು ತಿಂಗಳಿಂದ ಭಜನೆ ಮನೆಯಲ್ಲಿ ಪ್ರಾಕ್ಟೀಸು. ಬೇರೆ ಊರಿಂದ ಬಂದ ಹಾರ್ಮೋನಿಯಂ ಮೇಷ್ಟ್ರಿಗೆ ಸರದಿ ಪ್ರಕಾರ ಒಂದೊಂದು ಮನೆಯಲ್ಲಿ ಊಟ. ಪಾರ್ಟು ಬೇಕಾದವರು ದುಡ್ಡು ಕಟ್ಟಬೇಕು. ಪದ್ಯ ಜಾಸ್ತಿ ಇರೋ ಕೃಷ್ಣ, ದುರ್ಯೋಧನನಿಗೆ ಹೆಚ್ಚು, ಸೈನಿಕನಿಗೆ ಕಮ್ಮಿ. ದ್ರೌಪದಿ, ಕುಂತಿ, ರುಕ್ಮಿಣಿ ಪಾರ್ಟಿಗೆ ಹೊರಗಿನ ಕಲಾವಿದೆಯರು, ಅವರಿಗೆ ಸಂಭಾವನೆ ಊರು ಕೊಡಬೇಕು. ನಮ್ಮ ಚಿಕ್ಕಪ್ಪ ದುರ್ಯೋಧನ. ಅದಕ್ಕೆ ಎರಡು ಕುರಿ ಮಾರಿದ್ದ. ಚಿಕ್ಕಮ್ಮ ಮಾತು ಬಿಟ್ಟಿದ್ದಳು. ಚಿಕ್ಕಪ್ಪನಿಗೆ ಓದು ಬರುತ್ತಿರಲಿಲ್ಲ. ಮೇಷ್ಟ್ರು ಸಾಲು ಸಾಲಾಗಿ ಹೇಳಿಕೊಟ್ಟಿದ್ದನ್ನ ಕಿವಿಯಲ್ಲೇ ಹಿಡಿದು, ನೇಗಿಲು ಹೂಡುವಾಗ ಎತ್ತುಗಳಿಗೆ ಕೇಳಿಸಿ ಕೇಳಿಸಿ ಬಾಯಿಪಾಠ ಮಾಡಿದ್ದ. ಆ ಕಂದಪದ್ಯಗಳ ಹಳಗನ್ನಡ ಶಾಲೆ ಓದಿದ ನಮಗೇ ಅರ್ಥವಾಗುತ್ತಿರಲಿಲ್ಲ. ಆತ ಒಂದಕ್ಷರ ತಪ್ಪದೆ ಹಾಡುತ್ತಿದ್ದ.

ಹುಣ್ಣಿಮೆ ದಿನ ಸಂಜೆ ಸೀನರಿ ಗಾಡಿ ಬಂತು. ಶಾಲೆ ಜಗಲಿಯಲ್ಲಿ ಬಣ್ಣ. ಬಣ್ಣದವರು ಕೊಬ್ಬರಿ ಎಣ್ಣೆಗೆ ಜಿಂಕ್ ಪುಡಿ ಹಾಕಿ ಅಂಗೈಯಲ್ಲಿ ತಿಕ್ಕಿ, ಸ್ವಲ್ಪ ಕುಂಕುಮ ಬೆರೆಸಿ, ಚಿಕ್ಕಪ್ಪನ ಮುಖಕ್ಕೆ ಬಳಿದರು. ಬಿಸಿಲಲ್ಲಿ ಕಪ್ಪಾದ ಮುಖ ಗುಲಾಬಿ ಬಣ್ಣಕ್ಕೆ ತಿರುಗಿತು, ಕುತ್ತಿಗೆ ಮಾತ್ರ ಹೊಲದಲ್ಲೇ ಉಳಿಯಿತು. ಸ್ಪಿರಿಟ್ ಗಮ್ ಹಚ್ಚಿ ಮೀಸೆ ಅಂಟಿಸಿದರು. ಕಣ್ಣಿಗೆ ಕಾಡಿಗೆ. ಜರಿ ಅಂಗಿ, ಭುಜಕೀರ್ತಿ, ಕಿರೀಟ. ಎಲ್ಲ ಆದ ಮೇಲೆ ಮೇಷ್ಟ್ರು ಕೆಳಗೆ ನೋಡಿದರು. ಒಡೆದ ಹಿಮ್ಮಡಿ, ಸಂದಿಯಲ್ಲಿ ಕೆಮ್ಮಣ್ಣು. "ಕಾಲುಚೀಲ ಹಾಕಪ್ಪ, ಹಸ್ತಿನಾವತಿ ಮರ್ಯಾದೆ ಹೋಗ್ತದೆ" ಅಂದರು. ಚಿಕ್ಕಪ್ಪ ಜೀವಮಾನದಲ್ಲಿ ಮೊದಲ ಸಲ ಕಾಲುಚೀಲ ಹಾಕಿದ.

ಹತ್ತು ಗಂಟೆಗೆ ಪ್ರಾರ್ಥನೆ. ಬಯಲ ತುಂಬ ಜನ. ಚಾಪೆ, ಗೋಣಿತಾಟು, ಕಂಬಳಿ ಹಾಸಿಕೊಂಡು ಜಾಗ ಹಿಡಿದವರು ಹಿಡಿದಿದ್ದರು. ಸುತ್ತ ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡ ಅಂಗಡಿಗಳು: ಕಡ್ಲೆಪುರಿ, ಬೆಂಡು ಬತ್ತಾಸು, ಹುರಿದ ಕಡಲೆಕಾಯಿ, ಬಾಣಲೆಯಿಂದ ಆಗಷ್ಟೇ ತೆಗೆದ ಮೆಣಸಿನಕಾಯಿ ಬೋಂಡ. ಹತ್ತು ಪೈಸೆಗೆ ಪುರಿ ಪೊಟ್ಟಣ, ಅದಿದ್ದರೆ ಸಂಧಾನದ ಸೀನಿನವರೆಗೆ ನಿದ್ದೆ ಹತ್ತಿರ ಸುಳಿಯದು.

ನಾಟಕ ನೆಟ್ಟಗೆ ಸಾಗುತ್ತೆ ಅಂತ ಯಾರೂ ಬಂದಿರಲಿಲ್ಲ. ದುರ್ಯೋಧನ ಭೀಷ್ಮನ ಮೇಲೆ ಕೂಗಾಡುತ್ತಿರುವಾಗಲೇ ಮೈಕಿನಲ್ಲಿ, "ದುರ್ಯೋಧನ ಪಾತ್ರಧಾರಿಗಳಿಗೆ ಅವರ ಭಾಮೈದುನರು ಐದು ರೂಪಾಯಿ ಬಹುಮಾನ ಕೊಟ್ಟಿರುತ್ತಾರೆ!" ಭೀಷ್ಮ ಬಾಯಿ ಮುಚ್ಚಿ ನಿಂತ. ಭಾಮೈದ ರಂಗ ಹತ್ತಿ, ಹಾರ ಹಾಕಿ, ಜರಿ ಅಂಗಿಗೆ ನೋಟು ಸಿಕ್ಕಿಸಿ ಇಳಿದ. ಮತ್ತೆ ಕೂಗಾಟ. ಕೃಷ್ಣ ಸಂಧಾನಕ್ಕೆ ಬಂದಾಗ ಪಾವಗಡದ ನೆಂಟರು ಎದ್ದುನಿಂತು ತೆಲುಗು ಪದ್ಯ ಬೇಕು ಅಂತ ಹಟ ಹಿಡಿದರು. ತಿರುಪತಿ ವೇಂಕಟ ಕವಿಗಳ ಪಾಂಡವ ನಾಟಕದ ಪದ್ಯಗಳು ಅವರಿಗೆಲ್ಲ ನಾಲಿಗೆ ತುದಿಯಲ್ಲಿ. ಮೇಷ್ಟ್ರು ಶ್ರುತಿ ಬದಲಾಯಿಸಿದರು. ನಮ್ಮ ಕೃಷ್ಣ ತೆಲುಗಿನಲ್ಲಿ ಒಂದು ಪದ್ಯ ಎಳೆದು, ಮುಂದಿನ ಮಾತು ಕನ್ನಡದಲ್ಲಿ ಆಡಿದ. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ನಡುರಾತ್ರಿ ಕರೆಂಟ್ ಹೋಯಿತು. ಮೈಕು ಸತ್ತಿತು. ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಮಾತ್ರ ನಿಲ್ಲಲಿಲ್ಲ. ಯಾರೋ ಎರಡು ಪೆಟ್ರೋಮ್ಯಾಕ್ಸ್ ತಂದು ಕಟ್ಟುವವರೆಗೆ ಬೆಳದಿಂಗಳಲ್ಲೇ ಚಿಕ್ಕಪ್ಪ ಹಾಡಿದ. ಮೈಕಿಲ್ಲದ ಆ ಕಂಠ ಬಯಲಿನ ಆಚೆ ಕೊನೆಗೂ ಮುಟ್ಟುತ್ತಿತ್ತು. ಕರೆಂಟ್ ಬಂದಾಗ ಬೇಡವಾಗಿತ್ತು ಅಂದವರೂ ಇದ್ದರು.

ಬೆಳ್ಳಿ ಮೂಡಿದ ಮೇಲೆ ಗದಾಯುದ್ಧ. ಭೀಮನ ಗದೆ ತೊಡೆಗೆ ಬಿತ್ತು, ದುರ್ಯೋಧನ ನೆಲಕ್ಕೆ ಬಿದ್ದು ಕೊನೆಯ ಪದ್ಯ ಹೇಳಿದ. "ಒನ್ಸ್ ಮೋರ್!" ತೊಡೆ ಮುರಿದವನು ಎದ್ದು ನಿಂತು, ಇನ್ನೊಂದು ಸಲ ಹಾಡಿ, ನೋಡಿಕೊಂಡು ಅದೇ ಜಾಗದಲ್ಲಿ ಬಿದ್ದ. ಮತ್ತೆ ಒನ್ಸ್ ಮೋರ್. ಈ ಸಲ ಕೂಗಿದ್ದು ಹೆಂಗಸರ ಕಡೆಯಿಂದ. ಚಿಕ್ಕಮ್ಮನ ದನಿ ಅಂತ ನನಗೆ ಅನುಮಾನ, ಆಕೆ ಇವತ್ತಿಗೂ ಒಪ್ಪಲ್ಲ.

ನನಗೆ ನಾಟಕಕ್ಕಿಂತ ಗಟ್ಟಿಯಾಗಿ ನೆನಪಿರೋದು ಅದರ ಮಾರನೇ ದಿನ. ಅರಳಿಕಟ್ಟೆಯಲ್ಲಿ ಹಿರಿಯರು ಕೂತು ಲೆಕ್ಕ ಒಪ್ಪಿಸಿದರು. ಶಾಲೆ ಮೇಷ್ಟ್ರು ಪುಸ್ತಕ ಹಿಡಿದು ಜೋರಾಗಿ ಓದಿದರು. ಯಾರ ಮನೆಯಿಂದ ಎಷ್ಟು ವರಿ, ಯಾರು ಎಷ್ಟು ಪಾರ್ಟಿನ ದುಡ್ಡು, ಸೀನರಿಗೆ ಎಷ್ಟು, ಕಲಾವಿದೆಯರಿಗೆ ಎಷ್ಟು, ಗ್ಯಾಸ್‌ಲೈಟಿಗೆ ಎಷ್ಟು. ಕಂಟ್ರಾಕ್ಟರು ಕೊಟ್ಟ ನೂರು ರೂಪಾಯಿಯನ್ನ ಓದಿದ ದನಿಯಲ್ಲೇ ಒಬ್ಬ ಮುದುಕಿ ಕೊಟ್ಟ ಒಂದು ಸೇರು ರಾಗಿಯನ್ನೂ ಓದಿದರು. ನಾನು ಪುಕ್ಕಟೆ ಅಂದುಕೊಂಡಿದ್ದ ವಾರದ ಒಂದೊಂದು ಲೋಟ ಪಾನಕದ ಹಿಂದೆಯೂ ಒಂದು ಹೆಸರಿತ್ತು.

ಒಂದು ಹೆಸರು ಮಾತ್ರ ಬರಲಿಲ್ಲ. ವಾರವೆಲ್ಲ ಸಾರಿದ, ಆರತಿ ಮುಂದೆ ಬಡಿದ, ನಾಟಕದ ದಿನ ಕಂಬ ನೆಡಲು ಗುಂಡಿ ತೋಡಿದ ತಮಟೆಯ ಅಜ್ಜನದು. ಯಾರೋ ಕೇಳಿದ್ದಕ್ಕೆ, "ಅವ್ನಿಗೆ ಸುಗ್ಗೀಲಿ ಆಯ ಕೊಡ್ತೀವಲ್ಲ" ಅಂದರು. ಕಣದಲ್ಲಿ ಉಳಿದ ಒಂದು ಮೊರ ರಾಗಿಯಲ್ಲಿ ಆತನ ವರ್ಷದ ಕಲೆಗೆಲ್ಲ ಲೆಕ್ಕ ಚುಕ್ತಾ. ಅಜ್ಜ ಕಟ್ಟೆಯ ಕೆಳಗೆ ನಿಂತು ಅದನ್ನ ಕೇಳಿಸಿಕೊಂಡ, ತಮಟೆ ಹೆಗಲಿಗೆ ಹಾಕಿಕೊಂಡು ಹೋದ.

ಈಗ ಕಾಲ ಬದಲಾಗಿದೆ, ಆದರೆ ನಾಟಕ ಸತ್ತಿಲ್ಲ. ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ನಾಲ್ಕೂ ತಾಲ್ಲೂಕಿನಲ್ಲಿ ಸುಗ್ಗಿ ಮುಗಿದ ಮೇಲೆ ಕುರುಕ್ಷೇತ್ರ, ಶನಿಪ್ರಭಾವ ಈಗಲೂ ಏಳುತ್ತವೆ. ತುಮಕೂರಿನ ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೂ ಹಳ್ಳಿಯವರು ಬಂದು ಪೌರಾಣಿಕ ನಾಟಕ ಆಡುತ್ತಾರೆ. ದುರ್ಯೋಧನನ ಪಾರ್ಟಿಗೆ ಎರಡು ಕುರಿ ಸಾಲದು, ಸಾವಿರಗಟ್ಟಲೆ ಕಟ್ಟಬೇಕು. ಆಡುವವರೇ ದುಡ್ಡು ಕೊಟ್ಟು ಆಡುವ, ನೋಡುವವರು ಸುಮ್ಮನೆ ಬಂದು ಕೂರುವ ಪದ್ಧತಿ ಹಾಗೇ ಇದೆ.

ಆದ್ದರಿಂದ ಒಂದು ಮಾತು. ಬರುವ ದವನದ ಹುಣ್ಣಿಮೆಗೋ, ಯಾವುದಾದರೂ ಜಾತ್ರೆಗೋ ನಮ್ಮ ಕಡೆ ಬನ್ನಿ. ಟಿಕೀಟಿಲ್ಲ, ಊಟ ಇದೆ. ಬಂದವರು ಹತ್ತು ಗಂಟೆಗೆ ವಿಡಿಯೋ ಮಾಡಿಕೊಂಡು ಹೊರಡಬೇಡಿ, ಬೆಳಗಾನ ಕೂರಿ. ಕೈಲಾದಷ್ಟು ಬರೆಸಿ. ದುರ್ಯೋಧನನ ಅಂಗಿಗೆ ನೋಟು ಸಿಕ್ಕಿಸುವ ಮುಂಚೆ ತಮಟೆ ಬಡಿಯುವವರ ಕೈಗೆ ಕೊಡಿ, ಮೈಕಿನಲ್ಲಿ ಅವರ ಹೆಸರನ್ನೂ ಕೂಗಿಸಿ.