ಕರೆಂಟಿದೆ, ಕೆಲಸವಿಲ್ಲ

ಡೀಸೆಲ್ ಎಂಜಿನ್ನಿಗೆ ಹುಟ್ಟಿನಿಂದಲೂ ಕರೆಂಟಿನ ಹಂಗಿಲ್ಲ. ಗಾಳಿಯನ್ನು ಹದಿನೈದು ಹದಿನೇಳು ಪಟ್ಟು ಹಿಂಡಿದರೆ ಅದೇ ಕಾದು ಕೂತಿರುತ್ತದೆ, ಅದರೊಳಕ್ಕೆ ಎಣ್ಣೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ, ಕಿಡಿ ಯಾತಕ್ಕೆ ಎಂದು ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಓಡಿಸಿಯೇ ತೋರಿಸಿದ. ಹಳೇ ಲಾರಿ ಡ್ರೈವರುಗಳಿಗೆ ಈ ಶಾಸ್ತ್ರ ಓದದೆಯೇ ಗೊತ್ತಿತ್ತು. ಬ್ಯಾಟರಿ ಮೇಲೆ ಅನುಮಾನ ಬಂದ ದಿನ ಊಟದ ಹೋಟೆಲನ್ನು ಅನ್ನಸಾರಿನ ರುಚಿಗಲ್ಲ, ಮುಂದಿನ ಇಳಿಜಾರು ನೋಡಿ ಆರಿಸುತ್ತಿದ್ದರು. ಊಟ ಮುಗಿಸಿ ಲಾರಿಯನ್ನು ಉರುಳಲು ಬಿಟ್ಟು ಕ್ಲಚ್ ಬಿಟ್ಟರೆ ಗುಡುಗಿಕೊಂಡು ಎದ್ದುಬಿಡುತ್ತಿತ್ತು. ನಿಲ್ಲಿಸಲು ಡ್ಯಾಶ್‌ಬೋರ್ಡಿನಲ್ಲೊಂದು ಗುಂಡಿ. ಎಳೆದರೆ ತಂತಿ ಹೋಗಿ ಎಣ್ಣೆ ಚಿಮ್ಮಿಸುವ ಪಂಪಿನ ಕಿವಿ ಹಿಂಡುತ್ತಿತ್ತು.

ಆ ಗುಂಡಿಯ ಜಾಗಕ್ಕೆ ಬಂದದ್ದು ಸೊಲೆನಾಯ್ಡ್. ಹೆಬ್ಬೆರಳಿಗಿಂತ ದಪ್ಪನೆಯ ಒಂದು ಡಬ್ಬಿ, ಒಳಗೆ ತಾಮ್ರದ ಸುರುಳಿ, ನಡುವೆ ಕಬ್ಬಿಣದ ಗೂಟ. ಕೀ ತಿರುಗಿಸಿದರೆ ಗೂಟ ಒಳಕ್ಕೆ ಸೆಳೆದುಕೊಂಡು ಪಂಪಿನ ಲಿವರನ್ನು ಓಡುವ ಕಡೆಗೆ ಎಳೆಯುತ್ತದೆ. ಕೀ ತೆಗೆದರೆ ಸ್ಪ್ರಿಂಗು ಅದನ್ನು ವಾಪಸು ತಳ್ಳುತ್ತದೆ, ಎಂಜಿನ್ ನಿಲ್ಲುತ್ತದೆ. ವೈರು ಕಿತ್ತುಹೋದರೂ ನಿಲ್ಲಲಿ ಎಂದೇ ಹೀಗೆ ಮಾಡಿದ್ದಾರೆ. ಬುದ್ಧಿವಂತಿಕೆಯೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಕರೆಂಟೇ ಬೇಡದ ಎಂಜಿನ್ನು ಒಂದು ವೈರಿನ ಮರ್ಜಿಗೆ ಬಿದ್ದದ್ದೂ ಅಂದಿನಿಂದಲೇ.

ಪಂಪಿನ ಮಾತು ಬಂದರೆ ನಮ್ಮವರಿಗೆ ಒಂದು ತೂಕ ಹೆಚ್ಚೇ ಮಾತಾಡುವ ಹಕ್ಕಿದೆ. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಇಂಥ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿತು. 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರುಬಿಟ್ಟು ಅವನ್ನು ನಮ್ಮ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆಲ್ಲ ಹಂಚಿತು. ಕಂಪನಿ 2008ರಲ್ಲಿ ಹೆಸರು ಬದಲಿಸಿಕೊಂಡರೂ ಮೈಕೋ ಲೇಔಟು ಬದಲಾಗಿಲ್ಲ, ಫಿಟ್ಟರುಗಳ ಬಾಯಲ್ಲಿ ‘ಮೈಕೋ ಪಂಪು’ ಕೂಡ ಬದಲಾಗಿಲ್ಲ. ಆ ಪಂಪಿನೊಳಗೆ ಪ್ಲಂಜರಿಗೂ ಅದರ ಬ್ಯಾರಲಿಗೂ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನ್. ತಲೆಗೂದಲೇ ಐವತ್ತು ಅರವತ್ತು ಮೈಕ್ರಾನ್ ದಪ್ಪ ಇರುತ್ತದೆ. ಅಂಥದ್ದನ್ನು ಹೈವೇ ಪಕ್ಕ ಕೆಂಧೂಳಿನಲ್ಲಿ ಗೋಣಿಚೀಲ ಹಾಸಿ ಬಿಚ್ಚುವವರನ್ನು ಕಂಡರೆ ನನಗೆ ಹೊಟ್ಟೆ ತೊಳಸುತ್ತದೆ.

ಸಿರಾ ದಾಟಿದ ಮೇಲೆ ಸಿಗುವ ಗ್ಯಾರೇಜೊಂದರಲ್ಲಿ ಈ ಗೋಣಿಚೀಲ ಹಾಸುವ ಹಂತಕ್ಕೇ ಬಂದಿತ್ತು. ಈರುಳ್ಳಿ ಹೇರಿಕೊಂಡ ಲಾರಿ. ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಏರ್ ಹಿಡಿದಿದೆ ಎಂದು ಕ್ಲೀನರ್ ಹುಡುಗ ಹ್ಯಾಂಡ್ ಪ್ರೈಮರು ಒತ್ತಿ ಒತ್ತಿ ಬೆವತ. ಡೀಸೆಲ್ ಗುಳ್ಳೆಯಿಲ್ಲದೆ ತಿಳಿಯಾಗಿ ಬಂತು. ನಾಜಲ್ ಪೈಪಿನ ನಟ್ಟು ಸಡಿಲಿಸಿ ಮತ್ತೆ ಸೆಲ್ಫ್ ಕೊಟ್ಟರೆ ಅಲ್ಲಿ ಒಂದು ಹನಿಯೂ ಇಲ್ಲ. “ಪಂಪೇ ಹೋಗಿದೆ, ಇಳಿಸಿ ದಾವಣಗೆರೆಗೆ ಕಳಿಸೋಣ” ಎಂದ ಫಿಟ್ಟರ್. ಸೊಲೆನಾಯ್ಡಿನ ಬಾಯಿಗೆ ಮೀಟರು ಹಿಡಿದೂ ಆಗಿತ್ತು. ಬ್ಯಾಟರಿಯಲ್ಲಿ ಎಷ್ಟು ವೋಲ್ಟೋ ಅಲ್ಲೂ ಅಷ್ಟೇ, ಚೂರೂ ಕಡಿಮೆಯಿಲ್ಲ. ಕರೆಂಟ್ ಸರಿ ಇದೆ ಅಂದಮೇಲೆ ಪಂಪಿನದೇ ತಪ್ಪಲ್ಲವೇ?

ಎಲೆಕ್ಟ್ರಿಷಿಯನ್ ಬಂದವನು ಮೀಟರಿನ ಕಡೆ ನೋಡಲೂ ಇಲ್ಲ. ಕೀ ಹಾಕಲು ಹೇಳಿ, ಬಗ್ಗಿ, ಸೊಲೆನಾಯ್ಡಿನ ಗೂಟವನ್ನು ಬೆರಳಿನಿಂದ ಒಳಕ್ಕೆ ಒತ್ತಿ ಕೈಬಿಟ್ಟ. ಅದು ಅಲ್ಲೇ ಕಚ್ಚಿಕೊಂಡು ನಿಂತಿತು. ಸೆಲ್ಫ್ ಕೊಟ್ಟರೆ ಎಂಜಿನ್ ಸ್ಟಾರ್ಟು!

ಇದರಲ್ಲಿ ಪವಾಡವೇನೂ ಇಲ್ಲ. ಆ ಡಬ್ಬಿಯೊಳಗೆ ಸುರುಳಿ ಎರಡು. ಎಳೆಯುವ ಸುರುಳಿಗೆ ಅರೆಕ್ಷಣದ ಮಟ್ಟಿಗೆ ಹತ್ತಿಪ್ಪತ್ತು ಆಂಪಿಯರ್ ಬೇಕು. ಎಳೆದದ್ದನ್ನು ಹಿಡಿದುಕೊಳ್ಳುವ ಸುರುಳಿಗೆ ಒಂದು ಆಂಪಿಯರಿನ ಆಸುಪಾಸು ಸಾಕು. ಹಿಡಿದುಕೊಳ್ಳುತ್ತದೆ, ಎಳೆಯಲಾರದು ಎಂದರೆ ದಾರಿಯಲ್ಲೆಲ್ಲೋ ದೊಡ್ಡ ಕರೆಂಟು ಹಾಯಲು ಅಡ್ಡಿಯಿದೆ.

ಆಮೇಲೆ ಅವನು ಚೀಲದಿಂದ ಒಂದು ಹಳೇ ಹೆಡ್‌ಲೈಟ್ ಬಲ್ಬು ತೆಗೆದ. ಡಿಮ್ಮಿನ ತಂತಿ ಸುಟ್ಟು, ಬ್ರೈಟಿನದು ಮಾತ್ರ ಉಳಿದದ್ದು. ಅದಕ್ಕೆ ಎರಡು ವೈರು ಬೆಸೆದು ಮೊಸಳೆ ಕ್ಲಿಪ್ಪು ಸಿಕ್ಕಿಸಿದ್ದ. ಎಳೆಯುವ ಸುರುಳಿಯ ಜಾಗದಲ್ಲಿ ಬಲ್ಬು ಕೂಡಿಸಿ ಸೆಲ್ಫ್ ಕೊಡಿಸಿದರೆ ಅದು ಬೀಡಿ ತುದಿಯ ಹಾಗೆ ಕೆಂಪಗೆ ಉರಿಯಿತು. ಅರ್ತಿನ ಕ್ಲಿಪ್ಪು ಕಿತ್ತು ನೇರ ಬ್ಯಾಟರಿಯ ಮೈನಸ್ಸಿಗೆ ಕೊಟ್ಟ. ಕಣ್ಣು ಕೋರೈಸುವ ಬೆಳಕು. “ಮೀಟರಿಗೆ ಎಲ್ಲಾ ಕಡೆ ಕರೆಂಟ್ ಕಾಣ್ಸುತ್ತೆ ಸಾರ್. ಹೊರೆ ಹೊರ್ಸಿ ನೋಡ್ಬೇಕು” ಎಂದ.

ಅವನು ಹೇಳಿದ್ದರ ಒಳಗುಟ್ಟು ಆ ಲಾರಿಯ ಬಂಪರಿಗೇ ಕಟ್ಟಿತ್ತು. ನಿಂಬೆಹಣ್ಣಿಗೆ ಒಂದು ತಾಮ್ರದ ತಗಡು, ಒಂದು ಸತುವಿನ ಮೊಳೆ ಚುಚ್ಚಿದರೆ ಸುಮಾರು 0.9 ವೋಲ್ಟ್ ಬರುತ್ತದೆ. ಇಪ್ಪತ್ತೇಳು ನಿಂಬೆಹಣ್ಣನ್ನು ಸಾಲಾಗಿ ಜೋಡಿಸಿದರೆ ಲಾರಿಗೆ ಬೇಕಾದ 24 ವೋಲ್ಟ್ ತಯಾರು. ಮೀಟರು ಹಿಡಿದು ನೋಡಿ, ಒಪ್ಪಿಕೊಳ್ಳುತ್ತದೆ. ಬಲ್ಬು ಕೂಡಿಸಿ ನೋಡಿ, ಮಿಣುಕು ಕೂಡ ಇಲ್ಲ. ಮೀಟರು ಅಳೆಯುವಾಗ ಎಳೆದುಕೊಳ್ಳುವ ಕರೆಂಟು ಲೆಕ್ಕಕ್ಕಿಲ್ಲದಷ್ಟು. ಹಾಗಾಗಿ ಒಂದೇ ಎಳೆ ಉಳಿದ ವೈರೂ, ಕಿಲುಬು ಹಿಡಿದ ಕ್ಲಿಪ್ಪೂ ಅದರ ಮುಂದೆ ಸಾಚಾ ಆಗಿಬಿಡುತ್ತವೆ. ಬಲ್ಬು ಮೂರು ಆಂಪಿಯರ್ ಕೇಳುತ್ತದೆ, ಕೊಡಲಾರದವರ ಬಣ್ಣ ಅಲ್ಲೇ ಬಯಲು. ದೃಷ್ಟಿಗೆ ಕಟ್ಟಿದ ನಿಂಬೆಹಣ್ಣು ಒಂದೇ ಇದ್ದದ್ದರಿಂದ ಪ್ರಯೋಗ ಮಾಡಿ ತೋರಿಸಲು ಆಗಲಿಲ್ಲ. ಕೇಳಿದ್ದರೂ ಡ್ರೈವರ್ ಕೊಡುತ್ತಿರಲಿಲ್ಲ ಅನ್ನಿ.

ಬಲ್ಬಿನ ಪಾರುಪತ್ಯ ಎಲ್ಲ ಕಡೆ ನಡೆಯುವುದಿಲ್ಲ, ಅದನ್ನೂ ಹೇಳಿಬಿಡಬೇಕು. 2020ರ ಏಪ್ರಿಲ್ಲಿನಿಂದ ಬರುತ್ತಿರುವ ಬಿಎಸ್ 6 ಲಾರಿಗಳಲ್ಲಿ ಪಂಪಿಗೆ ಎಷ್ಟು ಎಣ್ಣೆ ಬಿಡಬೇಕೆಂದು ತೀರ್ಮಾನಿಸುವುದು ಇಸಿಎಂ ಎಂಬ ಪೆಟ್ಟಿಗೆ. ಅದರಿಂದ ಸೆನ್ಸರುಗಳಿಗೆ ಹೋಗುವ ವೈರುಗಳಲ್ಲಿ ಇರುವುದು ಬರೇ 5 ವೋಲ್ಟ್. ಅಲ್ಲಿ ಹೆಡ್‌ಲೈಟ್ ಬಲ್ಬು ಸಿಕ್ಕಿಸಿದರೆ ಪೆಟ್ಟಿಗೆಯೇ ಸುಟ್ಟರೂ ಸುಟ್ಟೀತು. ಅಲ್ಲಿಗೆ ಸ್ಕ್ಯಾನರೇ ಬೇಕು. ಸ್ಕ್ಯಾನರಾದರೂ ಪಂಪಿನ ವಾಲ್ವಿನ ಸರ್ಕ್ಯೂಟು ಕಡಿದಿದೆ ಎನ್ನುತ್ತದೆಯೇ ಹೊರತು ಎಲ್ಲಿ ಎನ್ನುವುದಿಲ್ಲ. ಇಲಿ ಕಡಿಯಿತೋ, ಚಾಸಿಗೆ ಉಜ್ಜಿ ಸವೆಯಿತೋ, ಕ್ಯಾಬಿನ್ ಎತ್ತಿ ಇಳಿಸುವ ಮಡಿಕೆಯಲ್ಲಿ ಸಿಪ್ಪೆ ಗಟ್ಟಿಯಿದ್ದು ಒಳಗಿನ ತಾಮ್ರ ಮುರಿಯಿತೋ, ಕೈಯಿಂದ ತಡವಿಯೇ ಹುಡುಕಬೇಕು. ಈ ಕೊನೆಯದು ಮಹಾ ತರಲೆ. ಹುಡುಕಲೆಂದು ಕ್ಯಾಬಿನ್ ಎತ್ತಿದ ಕೂಡಲೇ ಮುರಿದ ತುದಿಗಳು ಒಂದನ್ನೊಂದು ಮುಟ್ಟಿ ಎಲ್ಲ ಸರಿಹೋಗುತ್ತದೆ. ಇಳಿಸಿದರೆ ಮತ್ತೆ ಕೈಕೊಡುತ್ತದೆ.

ಈರುಳ್ಳಿ ಲಾರಿಗೆ ಅಷ್ಟೆಲ್ಲ ಗ್ರಹಚಾರ ಇರಲಿಲ್ಲ. ಸೊಲೆನಾಯ್ಡಿನ ಕಪ್ಪು ವೈರು ಹಿಡಿದು ಹೋದರೆ ಚಾಸಿಯ ಬೋಲ್ಟೊಂದರಲ್ಲಿ ಮುಗಿಯಿತು. ಆಗಷ್ಟೇ ಎಫ್‌ಸಿ ತಪಾಸಣೆಗೆಂದು ಲಾರಿಗೆ ಅಡಿಯಿಂದ ಮುಡಿಯವರೆಗೆ ಬಣ್ಣ ಹೊಡೆಸಿದ್ದರು. ಬೋಲ್ಟ್ ಬಿಚ್ಚಿ, ವೈರಿನ ಉಂಗುರ ಸರಿಸಿ ಚಾಸಿಗೆ ಬಣ್ಣ ಬಳಿದು, ಅದು ಒಣಗಿದ ಮೇಲೆ ಉಂಗುರವನ್ನು ಆ ಬಣ್ಣದ ಮೇಲೇ ಕೂಡಿಸಿ ಬಿಗಿದಿದ್ದಾರೆ. ಕಬ್ಬಿಣ ಕಾಣುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಬಿಗಿದು, ಮೇಲೆ ಗ್ರೀಸು ಮೆತ್ತಿದರು. ಸೊಲೆನಾಯ್ಡು ಟಕ್ಕೆಂದು ಎಳೆದುಕೊಂಡಿತು.

ಮುಂದೆ ಲಾರಿಗೆ ಬಣ್ಣ ಬಳಿಯುವ ಒಬ್ಬರು ಸಿಕ್ಕಾಗ, ಅರ್ತಿನ ಬೋಲ್ಟುಗಳಿಗೆ ಒಂದು ಚೂರು ಕಾಗದ ಅಂಟಿಸಿಕೊಂಡು ಬಳಿಯಬಾರದೇ ಎಂದು ಕೇಳಿದೆ. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸುತ್ತಾ ಅವರು, “ಇನ್‌ಸ್ಪೆಕ್ಟರ್ ಬಗ್ಗಿ ನೋಡಿದ್ರೆ ಅಲ್ಲೂ ಬಣ್ಣ ಕಾಣ್ಬೇಕಲ್ಲ ಸಾರ್?” ಎಂದರು.