ವಿರೂಪಾಕ್ಷಿಪುರದ ಹಾದಿಯೂ ವಾಹನದ ದುರ್ಗಂಧವೂ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಟವನು ಬಿಡದಿ, ರಾಮನಗರಗಳನ್ನು ದಾಟಿ, ಒಟ್ಟು ಸುಮಾರು 60 ಕಿಲೋಮೀಟರು ಬಂದರೆ ಚನ್ನಪಟ್ಟಣವನ್ನು ಸೇರುವನು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ಈ ಊರುಗಳನ್ನು ಬಳಸಿಕೊಂಡು ಹೋಗುವುದರಿಂದ, ಅದರಲ್ಲಿ ಧಾವಿಸುವವರಿಗೆ ಈ ಸೀಮೆಯ ಪರಿಚಯವಾಗುವುದು ದುರ್ಲಭ. ಹಳೆಯ ರಸ್ತೆಯನ್ನೇ ಹಿಡಿದು, ಕಾರಿನ ಗಾಜನ್ನಿಳಿಸಿ ಬಂದವನಿಗಾದರೋ ಕಣ್ಣಿಗಿಂತ ಮೊದಲು ಮೂಗೇ ಊರಿನ ವೃತ್ತಾಂತವನ್ನು ಹೇಳುವುದು. ರಾಮನಗರದಲ್ಲಿ ನೂಲು ಬಿಚ್ಚಾಣಿಕೆಯ ಮನೆಗಳಿಂದ ಬರುವ ಬೆಂದ ಗೂಡಿನ ವಾಸನೆ. ಚನ್ನಪಟ್ಟಣದ ಗೊಂಬೆ ಕೆಲಸದವರಲ್ಲಿ, ತಿರುಗುವ ಮರಕ್ಕೊತ್ತಿದ ಅರಗು ಕರಗುವ ವಾಸನೆ. ಅಲ್ಲಿಂದ ಅದೇ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆಗೆ ತಿರುಗಿದರೆ ಕೊಟ್ಟಿಗೆ, ಹೊಲ, ಹಿಪ್ಪುನೇರಳೆ ಸೊಪ್ಪುಗಳ ಹಸಿವಾಸನೆ.

ಈ ಕಡೆಯ ರೈತನ ಮನೆಯಲ್ಲಿ ಕಾರು ಇದ್ದರೆ ಅದು ಕೇವಲ ಸವಾರಿಯ ವಸ್ತುವಲ್ಲ. ಒಂದು ದಿನ ಹಾಲಿನ ಕ್ಯಾನು, ಇನ್ನೊಂದು ದಿನ ಹಲಸು, ಮಾವು. ಬೆಳೆ ಇಳಿದಾಗ ರಾಮನಗರದ ಪ್ರಸಿದ್ಧ ಮಾರುಕಟ್ಟೆಗೆ ರೇಷ್ಮೆಗೂಡು. ಭಾನುವಾರ ಅದರಲ್ಲಿಯೇ ಮನೆಮಂದಿಯೆಲ್ಲ ಮದುವೆಗೆ ಹೊರಡಬೇಕು. ಚೆಲ್ಲಿದ ಹಾಲು ಹುಳಿತು, ಗೂಡಿನೊಡನೆ ಬಂದ ಸತ್ತ ಹುಳು ಕೊಳೆತು, ಮುಚ್ಚಿದ ಕಾರು ಬಿಸಿಲಿನಲ್ಲಿ ಕಾದರೆ ಮಕ್ಕಳಿಗೆ ಓಕರಿಕೆ ಬಾರದಿರುವುದೇ ಆಶ್ಚರ್ಯ.

ಗಂಧವು ಗುಣ, ಗುಣಕ್ಕೆ ಆಶ್ರಯವಾಗಿ ದ್ರವ್ಯವೊಂದು ಇದ್ದೇ ಇರಬೇಕು ಎಂದು ನಮ್ಮ ತಾರ್ಕಿಕರು ನಿರ್ಣಯಿಸಿರುವರು. ಆ ದ್ರವ್ಯವನ್ನು ತೆಗೆಯದೆ ಮೇಲೆ ಅತ್ತರನ್ನು ಚಿಮುಕಿಸುವುದು ಕೆಂಡಕ್ಕೆ ಬೂದಿ ಮುಚ್ಚಿದಂತೆಯೇ ಸರಿ. ಈ ಸೀಮೆಯಲ್ಲಿ ಅದರಿಂದ ಬೇರೊಂದು ಹಾನಿಯೂ ಉಂಟು. ಎರಡನೆಯ ಜ್ವರ ಕಳೆದ ಚಾಕಿ ಹುಳುಗಳನ್ನು ಸಾಕಣೆ ಕೇಂದ್ರದಿಂದ ತರುವುದೂ ಎಷ್ಟೋ ವೇಳೆ ಇದೇ ಕಾರಿನಲ್ಲಿ. ಕೀಟನಾಶಕದ ಸೋಂಕು ಆ ಹುಳುಗಳಿಗೆ ಮಾರಕ. ಉಗ್ರವಾದ ವಾಸನೆಗಳನ್ನೂ ಅವುಗಳಿಂದ ದೂರವಿಡುವುದು ಯುಕ್ತ. ನೊಣ ಜಿರಲೆಗಳಿಗೆಂದು ಕಾರಿನೊಳಗೆ ಹೊಡೆದ ಔಷಧವು ಒಂದು ಬೆಳೆಯ ಶ್ರಮವನ್ನೇ ನುಂಗಬಹುದು. ಆದಕಾರಣ ಅಡುಗೆಮನೆಯ ಸಾಧು ಪದಾರ್ಥಗಳೇ ಇಲ್ಲಿ ಶ್ರೇಯಸ್ಕರ.

ಮೊದಲು ಕಾಲುಹಾಸುಗಳನ್ನು ಹೊರತೆಗೆದು, ಕಸವನ್ನು ಗುಡಿಸಿ, ನಾಲ್ಕು ಬಾಗಿಲುಗಳನ್ನೂ ತೆರೆದು ಗಾಳಿಯಾಡಿಸತಕ್ಕದ್ದು. ಹಾಲು ಚೆಲ್ಲಿದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಬೇಕು. ಬಿಸಿನೀರು ಹಾಕಿದರೆ ಹಾಲಿನ ಸಾರವು ಹೆಪ್ಪುಗಟ್ಟಿ ನೂಲಿಗೆ ಅಂಟಿಕೊಳ್ಳುವುದು. ತೇವ ಆರಿದ ಮೇಲೆ ಅಡುಗೆ ಸೋಡವನ್ನು ತೆಳುವಾಗಿ ಉದುರಿಸಿ, ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಗುಡಿಸಿಬಿಡುವುದು. ಹುಳಿತ ಹಾಲಿನ ನಾತಕ್ಕೆ ಕಾರಣವು ಆಮ್ಲ. ಕ್ಷಾರಗುಣವುಳ್ಳ ಸೋಡ ಅದನ್ನು ಶಮನಗೊಳಿಸುವುದು.

ಮೀನು, ಕೊಳೆತ ಹುಳು ಮುಂತಾದವುಗಳ ನಾತದಲ್ಲಿ ಕ್ಷಾರವೇ ಹೆಚ್ಚು. ಅಲ್ಲಿ ವಿನಿಗರಿಗೆ ಅಷ್ಟೇ ನೀರು ಬೆರೆಸಿ ಒರೆಸುವುದು ಲೇಸು. ಬಟ್ಟೆಯ ಬಣ್ಣ ಕೆಡುವುದೋ ಎಂದು ಮರೆಯಾದ ಮೂಲೆಯಲ್ಲಿ ಮೊದಲು ಪರೀಕ್ಷಿಸಬೇಕು. ಸೋಡ, ವಿನಿಗರು ಎರಡನ್ನೂ ಒಟ್ಟಿಗೆ ಹಾಕಿದರೆ ನೊರೆ ಬರುವುದೇ ಹೊರತು, ಒಂದರ ಬಲವನ್ನು ಇನ್ನೊಂದು ಕಳೆಯುವುದು. ಹುಳುಮನೆಯ ಶುದ್ಧಿಗೆ ತಂದ ಬ್ಲೀಚಿಂಗ್ ಪುಡಿಯನ್ನಂತೂ ವಿನಿಗರು, ನಿಂಬೆಹುಳಿಗಳೊಡನೆ ಎಂದಿಗೂ ಸೇರಿಸಕೂಡದು. ಅದರಿಂದ ವಿಷವಾಯು ಹುಟ್ಟುವುದು.

ಉಳಿದ ವಾಸನೆಗೆ ಒಲೆಯ ಆರಿದ ಇದ್ದಲನ್ನು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಆಸನದಡಿ ಕೆಲವು ದಿನ ಇಡಬಹುದು. ಅದರ ಸೂಕ್ಷ್ಮರಂಧ್ರಗಳು ವಾಸನೆಯನ್ನು ಮೆಲ್ಲಗೆ ಹಿಡಿದಿಡುವುವು. ಕಾಫಿಪುಡಿಯಾದರೋ ಬಹುಮಟ್ಟಿಗೆ ತನ್ನ ಪರಿಮಳದಿಂದ ಮರೆಮಾಡುವುದು. ಕಾರಿನೊಳಗೆ ಸಾಂಬ್ರಾಣಿ, ಊದುಬತ್ತಿ ಹಚ್ಚುವುದು ಬೆಂಕಿಗೆ ಆಹ್ವಾನವಿತ್ತಂತೆ. ತಂಪುಗಾಳಿಯ ಯಂತ್ರದಿಂದ ಬೂಷ್ಟು ವಾಸನೆ ಬಂದರೆ ಶೋಧಕವನ್ನು ಬದಲಿಸಿ, ಊರು ಸೇರುವ ಕೆಲವು ನಿಮಿಷ ಮೊದಲು ತಂಪನ್ನು ನಿಲ್ಲಿಸಿ ಬರಿಯ ಗಾಳಿಯನ್ನು ಬಿಟ್ಟರೆ ಒಳಗಿನ ತೇವ ಆರುವುದು.

ಎಲ್ಲ ವಾಸನೆಗೂ ಮನೆಯ ಮದ್ದಿಲ್ಲ. ಪೆಟ್ರೋಲು, ಸುಟ್ಟ ರಬ್ಬರು, ಹೊಗೆ ಇವುಗಳ ವಾಸನೆ ಬಂದರೆ ಗಾಡಿಯನ್ನು ನಿಲ್ಲಿಸಿ, ಎಲ್ಲರೂ ಕೆಳಗಿಳಿದು, ಕೆಲಸ ಬಲ್ಲವರಿಗೆ ತೋರಿಸತಕ್ಕದ್ದು. ಅದು ಕಳೆಯಬೇಕಾದ ಪೀಡೆಯಲ್ಲ, ಕೇಳಬೇಕಾದ ಎಚ್ಚರಿಕೆ.

ಶುಚಿಗೊಳಿಸುವುದಕ್ಕಿಂತ ಕೆಡದಂತೆ ನೋಡಿಕೊಳ್ಳುವುದು ಸುಲಭ. ಗೂಡನ್ನು ತುರುಕದೆ ಸಡಿಲವಾಗಿ ತುಂಬಿ ತಂಪು ಹೊತ್ತಿನಲ್ಲಿ ಸಾಗಿಸಿದರೆ ಅದು ಬೆವರುವುದಿಲ್ಲ, ಬೆಲೆಯೂ ಕುಗ್ಗುವುದಿಲ್ಲ. ಹಾಲಿನ ಕ್ಯಾನಿನಡಿ ಟಾರ್ಪಾಲನ್ನೂ ಅದರ ಮೇಲೊಂದು ಗೋಣಿಯನ್ನೂ ಹಾಸಿದರೆ ಚೆಲ್ಲಿದ್ದು ಆಸನಕ್ಕೆ ಇಳಿಯದು. ಮನೆಗೆ ಬಂದೊಡನೆ ಗೋಣಿಯನ್ನು ಒಗೆದು ಬೇಲಿಯ ಮೇಲೆ ಹರವಿದರೆ ಮರುದಿನದ ಪ್ರಯಾಣಕ್ಕೆ ಕಾರು ಸಿದ್ಧ.